ಮುನೀಂದ್ರನ ಬಸ್ಸಿನ ನಿದ್ದೆ

ಹೆಂಡತಿ ಕವಿತ ತನ್ನ ಬಸ್ಸು ಬಿಟ್ಟು ಮುನೀಂದ್ರನ ಬಸ್ಸಿನಿಂದ ಇಳಿಯುವುದನ್ನು ಡ್ರೈವರ್ ಗೋವಿಂದರಾಜು ಸೋಂಪುರದ ಕಾರ್ಖಾನೆಯ ಗೇಟಿನಲ್ಲಿ ಕಣ್ಣಾರೆ ಕಂಡ. ಅವಳು ಕೆಲಸಕ್ಕೆ ಹೋಗುವ ಆ ಕಾರ್ಖಾನೆಗೆ ದೊಡ್ಡಬಳ್ಳಾಪುರದಿಂದ ಇದ್ದದ್ದೇ ಎರಡು ಬಸ್ಸು. ಮೊದಲು ಹೊರಡುವುದು ಇವನದು, ಹತ್ತು ನಿಮಿಷದ ನಂತರ ಮುನೀಂದ್ರನದು. ಒಂದು ವಾರದಿಂದ ಕವಿತ ದಿನಾ ಬೆಳಿಗ್ಗೆ, ತಡವಾಯಿತು ನೀವು ಹೊರಡಿ ಎನ್ನುತ್ತಿದ್ದಳು. ಈಗ ನೋಡಿದರೆ ಇಳಿಯುವಾಗ ಮುನೀಂದ್ರನಿಗೆ ಏನೋ ಹೇಳಿ ನಕ್ಕಳು ಬೇರೆ.

ಸಂಜೆ ಮನೆಗೆ ಬಂದವನೇ ಕೇಳಿದ. "ನನ್ ಬಸ್ಸಿಗೇನು ರೋಗ ಬಂದಿತ್ತು?"

"ಏನಿಲ್ಲ ಕಣ್ರೀ."

"ಏನಿಲ್ದೆ ಅವನ ಬಸ್ ಯಾಕ್ ಹತ್ತಿದೆ?"

ಸೊಪ್ಪು ಬಿಡಿಸುತ್ತಿದ್ದ ಕವಿತ ತಲೆ ಎತ್ತಲಿಲ್ಲ. "ನಾಲ್ಕು ಗಂಟೆಗೇ ಏಳ್ತೀನಲ್ರೀ. ಅವರ ಬಸ್ಸಲ್ಲಿ ಕೂತ್ರೆ ಹಂಗೇ ನಿದ್ದೆ ಬಂದ್ಬಿಡುತ್ತೆ."

ಬೇರೆ ಏನು ಹೇಳಿದ್ದರೂ ತಡೆದುಕೊಳ್ಳುತ್ತಿದ್ದನೇನೋ. ಕಟ್ಟಿಕೊಂಡ ಹೆಂಡತಿಗೆ ಇನ್ನೊಬ್ಬನ ಬಸ್ಸಿನಲ್ಲಿ ನಿದ್ದೆ ಬರುತ್ತದೆ ಅಂದರೆ ಯಾವ ಡ್ರೈವರಿಗೆ ತಾನೇ ಊಟ ಸೇರುತ್ತದೆ? ಅವತ್ತು ಗೋವಿಂದರಾಜು ಮುದ್ದೆ ಅರ್ಧಕ್ಕೇ ಬಿಟ್ಟು ಎದ್ದ.

ಮುನೀಂದ್ರನ ಮೇಲೆ ಅವನಿಗೆ ಮೊದಲಿನಿಂದಲೂ ಹೊಟ್ಟೆಕಿಚ್ಚು. ಇಬ್ಬರೂ ಒಂದೇ ದಿನ ಕೆಲಸಕ್ಕೆ ಸೇರಿ, ಒಂದೇ ದಿನ ಹೊಸ ಬಸ್ಸು ಹಿಡಿದವರು. ಇವನು ಬ್ರೇಕ್ ಒತ್ತಿದ ಒತ್ತಿಗೆ ವರ್ಷದೊಳಗೆ ಇವನ ಬಸ್ಸಿಗೆ ಎರಡು ಸಲ ಬ್ರೇಕ್ ಲೈನರ್ ಬದಲಾಯಿಸಿದ್ದಾಯಿತು. ಅವನ ಬಸ್ಸಿನ ಜೊತೆ ಬಂದ ಲೈನರ್ ಇನ್ನೂ ಅರ್ಧ ಸವೆದಿರಲಿಲ್ಲ. "ಅವನು ಕಾಲಲ್ಲಿ ಓಡಿಸಲ್ಲ ಕಣಯ್ಯ, ಕಣ್ಣಲ್ಲಿ ಓಡಿಸ್ತಾನೆ" ಎಂದು ಶೆಡ್ಡಿನ ಮೆಕ್ಯಾನಿಕ್ ಅಪ್ಪಯ್ಯಣ್ಣ ಎಲ್ಲರೆದುರಿಗೂ ಹೇಳಿದ್ದ. ಗೋವಿಂದರಾಜು ಗೇಟಿಗೆ ಬಂದನೆಂದರೆ ಇಡೀ ಕಾರ್ಖಾನೆಗೆ ತಿಳಿಯುತ್ತಿತ್ತು. ಕೊನೆಗೊಮ್ಮೆ ಆಕ್ಸಿಲರೇಟರ್ ಪೂರ್ತಿ ಒತ್ತಿ, ಎಂಜಿನ್ ಅಬ್ಬರಿಸುತ್ತಿರುವಾಗಲೇ ಕೀ ತಿರುಗಿಸುವುದು ಅವನ ಗತ್ತು. ಬಸ್ಸೆಲ್ಲ ನಡುಗುತ್ತಿತ್ತು, ಒಳಗಿದ್ದವರು ಆ ನಡುಕ ನಿಂತ ಮೇಲೆಯೇ ಸೀಟು ಬಿಟ್ಟು ಏಳುತ್ತಿದ್ದರು. ಮುನೀಂದ್ರನೋ, ಬಸ್ಸು ನಿಲ್ಲಿಸಿದ ಮೇಲೂ ಎಂಜಿನ್ ಆರಿಸದೆ ಎರಡು ನಿಮಿಷ ಸುಮ್ಮನೆ ಕೂರುತ್ತಿದ್ದ. ಇಳಿಯುವ ಹೆಂಗಸರನ್ನು ಕನ್ನಡಿಯಲ್ಲಿ ನೋಡುವುದಕ್ಕೆ ಕೂರುತ್ತಾನೆ ಎಂದು ಗೋವಿಂದರಾಜು ಬೇರೆ ಡ್ರೈವರುಗಳ ಜೊತೆ ಹೇಳಿಕೊಂಡು ನಗುತ್ತಿದ್ದ. ಈಗ ನಗು ಬರಲಿಲ್ಲ.

ಆ ಗುರುವಾರ ಅವನ ಬಸ್ಸಿನ ಎಂಜಿನ್ನಿಗೆ ಗಾಳಿ ಊದುವ ಟರ್ಬೋ ಕೆಟ್ಟುಹೋಯಿತು. ನೀಲಿ ಹೊಗೆ ಕಾರುತ್ತ ಏರಿನಲ್ಲಿ ನಿಂತ ಬಸ್ಸನ್ನು ಸೋಂಪುರದ ಶೆಡ್ಡಿಗೆ ಎಳೆದು ತಂದರು. ಮರುದಿನ ಎರಡೂ ಬಸ್ಸಿನ ಜನ ಮುನೀಂದ್ರನ ಬಸ್ಸಿಗೇ ತುಂಬಿಕೊಂಡರು. ಶೆಡ್ಡಿಗೆ ಹೋಗಬೇಕಿದ್ದ ಗೋವಿಂದರಾಜುವೂ ಹತ್ತಿದ. ಒಳ್ಳೆಯದೇ ಆಯಿತು, ಕಳ್ಳ ಕೈಗೆ ಸಿಗುತ್ತಾನೆ ಎಂದುಕೊಂಡು ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತು ಕನ್ನಡಿಗೆ ಕಣ್ಣು ನೆಟ್ಟ. ಪಕ್ಕದಲ್ಲಿ ಕೂತ ಕವಿತ ಊರು ದಾಟುವ ಮೊದಲೇ ಕಣ್ಣು ಮುಚ್ಚಿದಳು.

ಮುನೀಂದ್ರ ಆ ಕನ್ನಡಿಯತ್ತ ಒಮ್ಮೆಯೂ ತಲೆ ಎತ್ತಲಿಲ್ಲ. ಅವನ ಕಣ್ಣು ದೂರದ ರಸ್ತೆಯ ಮೇಲಿತ್ತು. ಹಂಪ್ ಇನ್ನೂ ನೂರು ಮಾರು ದೂರವಿರುವಾಗಲೇ ಆಕ್ಸಿಲರೇಟರಿನಿಂದ ಕಾಲು ತೆಗೆಯುತ್ತಿದ್ದ. ಇಳಿಜಾರಿಗೆ ಮೊದಲೇ ಗೇರು ಇಳಿಸಿ ಬಸ್ಸನ್ನು ಅದರ ಪಾಡಿಗೆ ಬಿಡುತ್ತಿದ್ದ. ಬ್ರೇಕು ಮುಟ್ಟಿದನೋ ಇಲ್ಲವೋ ತಿಳಿಯುತ್ತಲೇ ಇರಲಿಲ್ಲ. ಎತ್ತಿನ ಗಾಡಿ ಹೊಡೆಯೋಕೆ ಲಾಯಕ್ಕು ಎಂದು ಗೋವಿಂದರಾಜು ಮನಸ್ಸಿನಲ್ಲೇ ಬೈದ. ಇನ್ನೊಂದು ಬೈಗುಳ ಹುಡುಕುವಷ್ಟರಲ್ಲಿ ಅವನ ತಲೆ ಕಿಟಕಿಗೆ ವಾಲಿತ್ತು.

ಎಚ್ಚರವಾದಾಗ ಬಸ್ಸು ಖಾಲಿ. ಎಂಜಿನ್ ಸಣ್ಣಗೆ ಓಡುತ್ತಿತ್ತು. ಮುನೀಂದ್ರ ಕೈಕಟ್ಟಿ ಕೂತಿದ್ದ.

"ಯಾರನ್ ನೋಡ್ತಾ ಕೂತಿದ್ದೀಯ ಲೇ?"

"ಯಾರನ್ ನೋಡ್ಲಣ್ಣಾ? ಟರ್ಬೋ ಕಾದಿರುತ್ತಲ್ಲ. ಓಡ್ಸಿ ಬಂದು ಟಕ್ಕಂತ ಆಫ್ ಮಾಡಿದ್ರೆ ಆಯಿಲ್ ಸಿಗದೆ ಸುಟ್ಕೊಂಬಿಡುತ್ತೆ. ಎರಡ್ ನಿಮಿಷ ಆರ್ಕೊಳ್ಳಿ ಅಂತ." ಮುನೀಂದ್ರ ಕೀ ತಿರುಗಿಸಿದ. "ಅಕ್ಕ ನಿಮ್ಮನ್ನ ಎಬ್ಬಿಸ್ಬೇಡ ಅಂದ್ರು. ಪಾಪ, ಅವರೂ ಬೇಗ ಏಳ್ತಾರೆ, ಮಲಗ್ಲಿ ಅಂತ."

ಅನುಮಾನ ಹೋಯಿತು. ಹೊಟ್ಟೆಕಿಚ್ಚು ಮಾತ್ರ ಎರಡರಷ್ಟಾಯಿತು. ತನ್ನ ಬಸ್ಸಿನಲ್ಲಿ ಒಬ್ಬರಾದರೂ ತೂಕಡಿಸಿದ್ದು ಅವನಿಗೆ ನೆನಪಿರಲಿಲ್ಲ.

ನಾಲ್ಕು ದಿನಕ್ಕೆ ಬಸ್ಸು ರಿಪೇರಿಯಾಗಿ ಬಂತು. "ನಾಳೆ ನನ್ ಬಸ್ಸಿಗೇ ಬಾರೆ" ಎಂದ ಹೆಂಡತಿಗೆ. ಯಾವತ್ತೂ ಹೀಗೆ ಕೇಳಿಕೊಂಡವನಲ್ಲ. ಕವಿತ ಬಂದಳು. ಗೋವಿಂದರಾಜು ಹಲ್ಲು ಕಚ್ಚಿಕೊಂಡು ಮುನೀಂದ್ರನಂತೆಯೇ ಓಡಿಸಿದ. ದೂರದಿಂದಲೇ ಕಾಲು ತೆಗೆದ, ಗೇರು ಇಳಿಸಿದ, ನುಗ್ಗಿ ಬಂದ ಬೈಕುಗಳಿಗೆಲ್ಲ ಹೋಗಿ ಸಾಯಲಿ ಎಂದು ದಾರಿ ಬಿಟ್ಟ. ಗೇಟಿನಲ್ಲಿ ಬಲಗಾಲು ತಾನಾಗಿಯೇ ಆಕ್ಸಿಲರೇಟರಿನ ಮೇಲೆ ಹೋಗಿತ್ತು, ಹಿಂದಕ್ಕೆ ತೆಗೆದ. ಎಂಜಿನ್ ಸಣ್ಣಗೆ ಓಡಲು ಬಿಟ್ಟು ಕೈಕಟ್ಟಿ ಕೂತ. ಜನ ಅನುಮಾನಿಸುತ್ತಲೇ ಒಬ್ಬೊಬ್ಬರಾಗಿ ಎದ್ದು ಇಳಿದರು. ಕವಿತ ಮಾತ್ರ ಇಳಿಯಲಿಲ್ಲ. ನಿದ್ದೆ ಹತ್ತಿರಬೇಕು! ಗೋವಿಂದರಾಜುವಿಗೆ ಎದೆ ತುಂಬಿ ಬಂತು. ಓಡಿಹೋಗಿ ಅಪ್ಪಯ್ಯಣ್ಣನಿಗೆ ಹೇಳಬೇಕು ಅನ್ನಿಸಿತು. ಮೆಲ್ಲಗೆ ಕನ್ನಡಿಯಲ್ಲಿ ನೋಡಿದ.

ಕವಿತ ಎಚ್ಚರವಾಗಿಯೇ ಇದ್ದಳು. ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು, ಅವನು ಕೊನೆಗೊಮ್ಮೆ ಆಕ್ಸಿಲರೇಟರ್ ಒತ್ತುವುದನ್ನೇ ಕಾಯುತ್ತಿದ್ದಳು.