ಒಂದು ನಡೆಯುತ್ತಿದೆ

ಹತ್ತು ಗಂಟೆ ಹತ್ತು ನಿಮಿಷಕ್ಕೆ ಕಳ್ಳ ಮತ್ತೆ ಒಳಗೆ ಬಂದ.

ಅಡ್ಮಿನ್ ಕಪ್ಪು ಪರದೆಯ ಮುಂದೆ ನೆಟ್ಟಗೆ ಕುಳಿತ. ಹಳೆಯ ಸರ್ವರ್‌ನಲ್ಲಿ ಯಾರು ಲಾಗಿನ್ ಆಗಿದ್ದಾರೆ, ಯಾವ ಕೆಲಸ ಎಷ್ಟು ಮೆಮೊರಿ ತಿನ್ನುತ್ತಿದೆ ಎಂಬುದನ್ನು ಅವನು ವಾರದಿಂದ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದ. ಇಂದು ಸಂಜೆ ಐದಕ್ಕೆ ಅದನ್ನು ಶಾಶ್ವತವಾಗಿ ಆರಿಸಬೇಕು. ಎಲ್ಲ ವಿಭಾಗಗಳೂ ಹೊಸ ಸರ್ವರ್‌ಗೆ ಹೋಗಿಯಾಗಿತ್ತು. ಆದರೂ ದಿನವೂ ಇದೇ ಹೊತ್ತಿಗೆ ಯಾರೋ ಎಲ್ಲರೂ ಬಳಸುವ ಸಾಮಾನ್ಯ ಖಾತೆಯಲ್ಲಿ ಬಂದು, ಒಂದೇ ಒಂದು ಕಮಾಂಡ್ ಕೊಟ್ಟು, ಎರಡೇ ನಿಮಿಷದಲ್ಲಿ ಜಾಗ ಖಾಲಿ ಮಾಡುತ್ತಿದ್ದರು. ಎಲ್ಲರ ಕೆಲಸಗಳ ಪಟ್ಟಿಯನ್ನೂ ತೆಗೆಸಿ ನೋಡುವ ಕಮಾಂಡ್ ಅದು.

ಟರ್ಮಿನಲ್ ನಂಬರ್ ಹಿಡಿದು ಹೊರಟವನು ಬಂದು ನಿಂತದ್ದು ಕೆಳಗಿನ ಮಹಡಿಯ ದಾಖಲೆ ವಿಭಾಗದ ಮೂಲೆಯ ಮೇಜಿನ ಮುಂದೆ. ಅಲ್ಲಿದ್ದವರು ಇನ್ನೆರಡು ತಿಂಗಳಿಗೆ ನಿವೃತ್ತರಾಗಲಿದ್ದ ಹಿರಿಯ ಗುಮಾಸ್ತೆ. ಮೌಸ್ ಮುಟ್ಟುವುದಕ್ಕೂ ಹಿಂದೆ ಮುಂದೆ ನೋಡುವವರೆಂದು ಆಫೀಸಿನಲ್ಲೆಲ್ಲ ಹೆಸರಾದವರು. ಇವರು ಕಮಾಂಡ್ ಕೊಡುವುದೆಂದರೆ!

“ಮೇಡಂ, ಈಗ ಹಳೇ ಸರ್ವರ್‌ನಲ್ಲಿ ಏನ್ ಮಾಡಿದ್ರಿ?”

ಅವರು ಗಾಬರಿಯಿಂದ ಕನ್ನಡಕ ತೆಗೆದರು. “ಏನೂ ಕೆಡಿಸಿಲ್ಲಪ್ಪ. ಮಗಳನ್ನ ನೋಡ್ಕೊಂಡೆ, ಅಷ್ಟೇ.”

ಮಗಳು ಮೇಲಿನ ನಕ್ಷೆ ವಿಭಾಗದಲ್ಲಿದ್ದಳಂತೆ. ಬಾಯಿಗೆ ಬಿಡುವೇ ಕೊಡದವಳೆಂದು ಎಲ್ಲರಿಗೂ ಗಿಣಿ. ಲಾಗಿನ್ ಹೆಸರೂ ಅದೇ. ಅವಳ ಕೆಲಸಗಳು ಸರ್ವರ್‌ನಲ್ಲಿ ಗಂಟೆಗಟ್ಟಲೆ ನಡೆಯುತ್ತಿದ್ದವು. ಮುಗಿಯುವ ತನಕ ಅವಳು ಮನೆಗೆ ಹೊರಡುವಂತಿರಲಿಲ್ಲ. ತಾಯಿ ಸುಮ್ಮನೆ ಕಾಯುವುದು ಬೇಡವೆಂದು ಕಮಾಂಡಿನ ಒಂದು ಲೈನನ್ನು ರಟ್ಟಿನ ತುಂಡಿನ ಮೇಲೆ ಬರೆದುಕೊಟ್ಟಿದ್ದಳು. ಈಗ ನಡೆಯುತ್ತಿರುವ ಕೆಲಸಗಳಲ್ಲಿ ‘ಗಿಣಿ’ ಎಂದಿರುವುದು ಎಷ್ಟು, ಎಣಿಸಿ ಹೇಳು ಎಂಬ ಲೈನು.

“ಹತ್ತು ಹನ್ನೆರಡು ಬಂದ್ರೆ ನೀನು ಹೋಗಿರು, ಎರಡು ಮೂರಕ್ಕಿಳಿದ್ರೆ ಚಪ್ಪಲಿ ಹಾಕ್ಕೋ ಅಂತಿದ್ಲು. ಸೊನ್ನೆ ಮಾತ್ರ ಒಂದು ದಿನಾನೂ ಬಂದಿಲ್ಲ ನೋಡು,” ಎಂದು ನಕ್ಕರು. ನಗು ಅರ್ಧಕ್ಕೇ ನಿಂತಿತು.

ಮೂರು ವರ್ಷದ ಹಿಂದೆ ಮಗಳು ತಾನು ಒಪ್ಪಿದವನೊಡನೆ ಹೊರಟು ನಿಂತಳು. ಹೊಸ್ತಿಲು ದಾಟಿದರೆ ನನ್ನ ಪಾಲಿಗೆ ನೀನಿಲ್ಲ ಎಂದರು ತಾಯಿ. ಅವಳು ದಾಟಿದಳು. ಕೆಲಸ ಬಿಟ್ಟಳು, ಫೋನ್ ನಂಬರನ್ನೂ ಬದಲಿಸಿದಳು.

“ಮಾರನೇ ದಿನ ಎದೆ ಡವಡವ ಅಂತಿತ್ತು. ಲೈನ್ ಹೊಡೆದೆ. ಒಂದು ಅಂತ ಬಂತು. ಎಲ್ಲಾ ಮುಚ್ಚಿ ಹೋದವಳು ಒಂದನ್ನ ಮಾತ್ರ ನಡೆಸ್ತಿದ್ದಾಳೆ. ಯಾರಿಗೋಸ್ಕರ ಹೇಳು? ನಾನು ನೋಡ್ತೀನಿ ಅಂತ ಅವಳಿಗೆ ಗೊತ್ತು.”

“ಎಲ್ಲಿದ್ದಾಳೆ ಅಂತ ಯಾರನ್ನೂ ವಿಚಾರಿಸ್ಲಿಲ್ವಾ?”

“ಯಾಕೆ ವಿಚಾರಿಸ್ಲಿ? ನಾಲ್ಕು ಜನರ ಬಾಯಿಗೆ ಬೀಳೋಕಾ? ಇದೀನಮ್ಮ ಅಂತ ದಿನಾ ಅವಳೇ ಹೇಳ್ತಿದ್ದಾಳಲ್ಲ. ಸಿಟ್ಟಿಳಿದ ದಿನ ಬರ್ತಾಳೆ.”

ಅವನಿಗೆ ನಂಬಿಕೆ ಬರಲೆಂದು ಅವರು ಒಂದೊಂದೇ ಅಕ್ಷರ ಹುಡುಕಿ ಮತ್ತೆ ಲೈನ್ ಹೊಡೆದರು. ಒಂದು. ಅಡ್ಮಿನ್ ಆ ಲೈನನ್ನು ಎರಡು ಸಲ ಓದಿದ.

“ಸಂಜೆ ಆರಿಸ್ತೀರಂತಲ್ಲ? ಅದೊಂದನ್ನ ಹೊಸದಕ್ಕೆ ಹಾಕ್ಕೊಡಪ್ಪ. ನಿಂತುಹೋದ್ರೆ ಅಮ್ಮನೇ ನಿಲ್ಲಿಸಿದ್ಲು ಅಂದ್ಕೋತಾಳೆ.”

“ನೋಡಿ ಹೇಳ್ತೀನಿ ಮೇಡಂ.”

ಮೇಲೆ ಬಂದವನೇ ತನಗಿಂತ ಮೊದಲಿದ್ದ ಅಡ್ಮಿನ್‌ನ ನೋಟ್‌ಬುಕ್ ತೆಗೆದ. ಆ ಮನುಷ್ಯ ಪ್ರತಿಯೊಂದನ್ನೂ ಬರೆದಿಡುತ್ತಿದ್ದ. ಮೂರು ವರ್ಷದ ಹಿಂದಿನ ಪುಟ ಸಿಕ್ಕಿತು: ‘ಗಿಣಿಯ ಖಾತೆಯನ್ನು ಅವಳ ಕೋರಿಕೆಯಂತೆ ಪೂರ್ತಿ ಅಳಿಸಿದೆ. ಒಂದು ಫೋನ್ ನಂಬರ್ ಕೊಟ್ಟು ಹೋಗಿದ್ದಾಳೆ. ಅಮ್ಮ ತಾವಾಗಿ ಕೇಳಿಕೊಂಡು ಬಂದರೆ ಮಾತ್ರ ಕೊಡಬೇಕಂತೆ.’ ತಿಂಗಳ ನಂತರ: ‘ಗಿಣಿಯ ಫೋನ್. ಅಮ್ಮ ಬಂದಿದ್ದರಾ ಎಂದಳು. ಇಲ್ಲ ಎಂದೆ.’ ಮತ್ತೆ ಎರಡು ಕಡೆ ಅದೇ ಪ್ರಶ್ನೆ, ಅದೇ ಉತ್ತರ. ಕೊನೆಯದು ವರ್ಷ ತುಂಬಿದ ದಿನದ್ದು: ‘ಇನ್ನು ಕೇಳುವುದಿಲ್ಲ, ನಂಬರ್ ಹೊಡೆದುಹಾಕಿ ಎಂದಳು. ಅಳುತ್ತಿದ್ದಳು.’

ನಂಬರಿನ ಮೇಲೆ ದಪ್ಪನೆಯ ಶಾಯಿ ಎಳೆದಿತ್ತು. ಬೆಳಕಿಗೆ ಹಿಡಿದು ನೋಡಿದ, ಹಾಳೆಯ ಹಿಂಬದಿಯನ್ನು ಸವರಿ ನೋಡಿದ. ಒಂದು ಅಂಕಿಯೂ ತಿಳಿಯಲಿಲ್ಲ. ಒಂದೇ ಒಂದು ಮಹಡಿ ಹತ್ತಿ ಬಂದು ಕೇಳಿದ್ದರೆ ಸಾಕಿತ್ತು.

ಐದಕ್ಕೆ ಕಾಲು ಗಂಟೆ ಇರುವಾಗ ಅವರು ಮಹಡಿ ಹತ್ತಿ ಬಂದರು. ಮೂರು ವರ್ಷದಲ್ಲಿ ಇದೇ ಮೊದಲು.

“ಗಿಣಿದು ಹೊಸದಕ್ಕೆ ಹೋಯ್ತಾ?”

ಸುಳ್ಳು ಹೇಳಿಬಿಡಲೇ ಎಂದು ಅವನು ಯೋಚಿಸಿದ. ಹೇಳಿದರೆ ಇವರು ಇನ್ನೂ ಕಾಯುತ್ತಾರೆ, ಹುಡುಕುವುದಿಲ್ಲ. ಕುರ್ಚಿ ಎಳೆದು ಕೂರಿಸಿ, ಅದೇ ಲೈನಿನಲ್ಲಿ ‘ಗಿಣಿ’ಯ ಜಾಗಕ್ಕೆ ‘ಕುಂಬಳಕಾಯಿ’ ಎಂದು ಹೊಡೆದ.

ಒಂದು ಎಂದು ಬಂತು.

“ಇದ್ಯಾರಪ್ಪ, ಇಂಥಾ ಹೆಸರಿನವರು?”

“ಯಾರೂ ಇಲ್ಲಮ್ಮ.” ಅವನು ಪರದೆಯ ಮೇಲಿನ ಲೈನಿಗೆ ಬೆರಳಿಟ್ಟ. “ಹುಡುಕು ಅನ್ನೋ ಲೈನೂ ಸರ್ವರ್‌ಗೆ ಒಂದು ಕೆಲಸಾನೇ. ಹುಡುಕೋ ಹೆಸರು ಆ ಲೈನಲ್ಲೇ ಇರತ್ತಲ್ಲ, ಅದಕ್ಕೇ ಅದನ್ನೂ ಲೆಕ್ಕಕ್ಕೆ ಹಿಡಿಯತ್ತೆ.”

ಮೂರು ವರ್ಷ ದಿನವೂ ಪರದೆಯ ಮೇಲೆ ಬಂದ ಆ ಒಂದು, ಗಿಣಿಯನ್ನು ಹುಡುಕುತ್ತಿದ್ದ ಅವರೇ.