ಅತ್ತೆ ಕೇಳಿದ ನೀರು

ಬಂದವರಿಗೆ ಮೊದಲು ತಂಬಿಗೆ ನೀರು ಕೊಡುವುದು ನಮ್ಮ ಧಾರವಾಡ ಕಡೆಯ ಪದ್ಧತಿ. ಸೋದರತ್ತೆ ಬಂದರೆ ಮಾತ್ರ ನಾನು ಈಗಲೂ ಕುಳಿತಲ್ಲಿಂದ ಏಳುವುದಿಲ್ಲ.

ಚಿಕ್ಕಂದಿನಲ್ಲಿ ನಾವಿದ್ದ, ಮರಾಠಿ ಸೀಮೆಯ ವಾಳೂಜಿನ ಮನೆಗೆ ವಾರಕ್ಕೊಮ್ಮೆ ನಲ್ಲಿ ಬರುತ್ತಿತ್ತು. ಅವ್ವ ಊರಿಗೆ ಹೋಗಿದ್ದಳು, ಅತ್ತೆಯದೇ ಕಾರುಬಾರು. ಎರಡು ವರ್ಷದ ತಮ್ಮ ಲೋಟ ಹಿಡಿದು "ಪಾಣಿ, ಪಾಣಿ" ಎಂದು ಅಲ್ಲಿಯವರ ಮಾತಿನಲ್ಲೇ ನೀರು ಕೇಳುತ್ತ ಅವಳ ಹಿಂದೆಯೇ ಸುತ್ತುತ್ತಿದ್ದ.

"ಕುಡಿಸಬ್ಯಾಡ, ಮತ್ತ ಹಾಸಿಗಿ ತೋಯಿಸ್ತಾನ," ಎಂದು ಅತ್ತೆ ಕೊಡವನ್ನು ಕಟ್ಟೆಯ ಮೇಲಿಟ್ಟಳು. ಅವನು ಒದ್ದೆ ನೆಲ ನೆಕ್ಕಿದ.

ಅವನು ತೋಯಿಸಿದ ಚಾದರಕ್ಕೆ ಇರುವೆ ಮುತ್ತಿದ್ದವು.

"ಕದ್ದು ಬೆಲ್ಲ ಕೊಟ್ಟೀಯೇನು ಇವಂಗ?" ಎಂದು ನನ್ನ ಕಿವಿ ಹಿಂಡಿದಳು.

ಮಧ್ಯಾಹ್ನ ಅವಳು ಮಲಗಿದಾಗ ತಮ್ಮನಿಗೆ ಕುಡಿಸಿ, ಉಳಿದ ನೀರನ್ನೆಲ್ಲ ಮೋರಿಗೆ ಸುರಿದೆ. ಎದ್ದವಳೇ ಅತ್ತೆ ನೀರು ಕೇಳಿದಳು.

"ಇಲ್ರಿ, ಅತ್ತಿ," ಎಂದೆ. ಖುಷಿಯಾಯಿತು.

ಆ ಸಂಜೆ ತಮ್ಮ ನೀರು ಕೇಳಲಿಲ್ಲ. ಎಷ್ಟು ಅಲುಗಾಡಿಸಿದರೂ ಕಣ್ಣು ತೆರೆಯಲಿಲ್ಲ. ಅಷ್ಟು ಸಣ್ಣವನಿಗೆ ಸಕ್ಕರೆ ಕಾಯಿಲೆ ಇತ್ತೆಂದು ಡಾಕ್ಟರು ಹೇಳಿದ್ದು ಆಮೇಲೆ.