ಲೋಡು ಹೋದ ಮೇಲೆ

ಲಾರಿ ಬಂದರಿನ ದಾರಿ ಹಿಡಿದು ಬಹಳ ಹೊತ್ತಾದ ಮೇಲೆ ಕಂಪ್ಯೂಟರಿನ ಪರದೆ ಕೆಂಪಾಯಿತು. ಅಪ್‌ಡೇಟ್ ಸರಿಯಾಗಿ ಕೂತಿದೆಯೇ ಎಂದು ನೋಡಲು ಕೆಂಪಕ್ಕ ಬೆರಳಿಗೆ ಬಂದ ಹೆಸರು ಹೊಡೆದಿದ್ದಳು, ಅಷ್ಟೇ. ಅದು ಇವತ್ತಿನ ಗಿರಾಕಿಯ ಹೆಸರು. ಬೆಳಿಗ್ಗೆ ಇದೇ ಹೆಸರಿಗೆ ಹಸಿರು ಬಂದಿತ್ತು. ಅದನ್ನು ನಂಬಿ ಅವಳೇ ಸಹಿ ಹಾಕಿ ಪಂಪಿನ ಪೆಟ್ಟಿಗೆಗಳನ್ನು ಕಳಿಸಿದ್ದಳು. ಕಣ್ಣುಜ್ಜಿಕೊಂಡು ಇನ್ನೊಮ್ಮೆ ಹೊಡೆದಳು. ಮತ್ತೆ ಕೆಂಪೇ.

ಕೆಂಪಕ್ಕ ಎಂಬುದು ಪಂಪಿನ ಕಾರ್ಖಾನೆಯವರು ಇಟ್ಟ ಹೆಸರು. ಹೊರದೇಶಕ್ಕೆ ಹೋಗುವ ಸರಕು ಯಾರ ಕೈ ಸೇರುತ್ತದೆ, ಅವರ ಮೇಲೆ ಸರಕಾರದ ನಿಷೇಧವಿದೆಯೇ ಎಂದು ಕಂಪ್ಯೂಟರಿನಲ್ಲಿ ನೋಡಿ, ಇದ್ದು ಪರದೆ ಕೆಂಪಾದರೆ ಲೋಡು ತಡೆಯುವುದು ಅವಳ ಕೆಲಸ. ತಡೆಯುವವಳಿಗೆ ಒಳ್ಳೆಯ ಹೆಸರು ಎಲ್ಲಿಂದ ಬಂದೀತು! ಆ ನಿಷೇಧದ ಪಟ್ಟಿಯಂತೂ ಇವತ್ತಿದ್ದಂತೆ ನಾಳೆ ಇರುವುದಿಲ್ಲ. ಹೊಸ ಹೆಸರುಗಳು ಸೇರುತ್ತಲೇ ಇರುತ್ತವೆ, ಸಾಫ್ಟ್‌ವೇರಿನವರು ದಿನವೂ ಅಪ್‌ಡೇಟ್ ಕಳಿಸುತ್ತಲೇ ಇರುತ್ತಾರೆ. ಆದರೆ ಅಪ್‌ಡೇಟ್ ಹಾಕಿದರೆ ಆಫೀಸಿನ ಆ ಮುದಿ ಕಂಪ್ಯೂಟರ್ ಅರ್ಧ ದಿನ ಮಲಗಿಬಿಡುತ್ತದೆ, ಲಾರಿಯವನು ಹಾರ್ನ್ ಹೊಡೆಯುತ್ತಾ ಕಾಯುತ್ತಾನೆ. ಹಾಗಾಗಿ ಯಜಮಾನರು, ಅಂದರೆ ಅವಳ ಸೋದರಮಾವ, ಒಂದು ಪದ್ಧತಿ ಮಾಡಿದ್ದರು. ಶನಿವಾರ ಬೆಳಿಗ್ಗೆ ಹೆಸರು ನೋಡಿ ವಾರದ ಲೋಡು ಕಳಿಸುವುದು, ಲಾರಿ ಹೊರಟ ಮೇಲೆ ಅಪ್‌ಡೇಟ್ ಹಾಕುವುದು. "ದಿನಾ ಸಾಯೋರಿಗೆ ಅಳೋರ್ಯಾರು?" ಎಂಬುದು ಅವರ ವಾದ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತಲ್ಲ ಎಂದು ಇಷ್ಟು ದಿನ ಯಾರಿಗೂ ಹೊಳೆದಿರಲಿಲ್ಲ, ಅವಳಿಗೂ.

ಲಾರಿಯ ಚಾಲಕನಿಗೆ ಫೋನ್ ಮಾಡಿದಳು. ರಿಂಗ್ ಆಗಿ ಆಗಿ ನಿಂತಿತು. ಗಾಡಿ ಓಡಿಸುವಾಗ ಫೋನ್ ಮುಟ್ಟಬೇಡ ಎಂದು ಅವನಿಗೆ ಬೈದು ಬುದ್ಧಿ ಹೇಳಿದವಳೂ ಅವಳೇ. ಮಾವನ ಕೋಣೆಗೆ ನುಗ್ಗಿದಳು.

"ಮಾವ, ಇವತ್ತಿನ ಗಿರಾಕಿ ನಿಷೇಧದ ಪಟ್ಟಿಯಲ್ಲಿದ್ದಾನೆ. ಬುಧವಾರ ಸೇರಿಸಿದ್ದಾರೆ."

"ಎಷ್ಟೋ ವರ್ಷದಿಂದ ನಮ್ಮ ಹತ್ರ ತಗೊಳ್ತಿರೋ ಮನುಷ್ಯ ಕಣೇ. ಒಂದೇ ವಾರದಲ್ಲಿ ಕಳ್ಳ ಆಗಿಬಿಟ್ನಾ?"

"ಕಳ್ಳ ಯಾವಾಗ ಆದ್ನೋ ಏನೋ, ಸಿಕ್ಕಿಬಿದ್ದಿದ್ದು ಬುಧವಾರ. ವಿಷದ ಅನಿಲ ಮಾಡೋರಿಗೆ ಸಾಮಾನು ಕೊಡ್ತಾನೆ ಅಂತ ಬರೆದಿದೆ."

ಮಾವ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಪೆಟ್ಟಿಗೆಗಳು ಹಡಗು ಹತ್ತಿದರೆ ರಫ್ತಿನ ಲೈಸೆನ್ಸ್ ಹೋಗುತ್ತದೆ, ಕಾರ್ಖಾನೆಗೆ ಬೀಗ ಬೀಳುತ್ತದೆ, ಸಹಿ ಹಾಕಿದ ಅಕ್ಕನ ಮಗಳು ಕಟಕಟೆ ಹತ್ತಬೇಕಾಗುತ್ತದೆ. ಅಷ್ಟರಲ್ಲಿ ಅವಳ ಕೈಯಲ್ಲಿದ್ದ ಫೋನ್ ಬಡಿದುಕೊಂಡಿತು. ಚಾಲಕ. ಸ್ಪೀಕರಿಗೆ ಹಾಕಿದಳು.

"ಫೋನ್ ಮಾಡಿದ್ರಾ ಕೆಂಪಕ್ಕ? ಬಂದರು ಸೇರಿದೆ. ಗೇಟಲ್ಲಿ ಅವರೂ ಹೆಸರು ಹಾಕಿ ನೋಡಿದ್ರು, ಹಸಿರೇ ಬಂತು. ಪೆಟ್ಟಿಗೆ ಇಳಿಸ್ಕೊಂಡು ಹಡಗಿಗೆ ಹತ್ತಿಸೋ ಸಾಲಲ್ಲಿ ಇಟ್ಟಿದ್ದಾರೆ. ನಾನು ಊಟ ಮಾಡ್ಕೊಂಡು ಬರ್ತೀನಿ."

ಮಾವನಿಗೆ ಹೋದ ಜೀವ ಬಂದಂತಾಯಿತು. "ಕೇಳಿದ್ಯಾ? ಬಂದರಿನವರೇ ಹಸಿರು ಅಂದ್ಮೇಲೆ ನಮ್ಮದೇನಿದೆ? ನೀನು ಇನ್ನೂ ಅಪ್‌ಡೇಟ್ ಹಾಕೇ ಇಲ್ಲ ಅನ್ಕೋ. ಏನೂ ನೋಡಿಲ್ಲ."

"ನೋಡಿಬಿಟ್ಟೆನಲ್ಲ ಮಾವ."

"ನೋಡಿದ್ದು ಯಾರಿಗೆ ಗೊತ್ತು?"

ಹೂಂ ಅಂದುಬಿಡಲೇ ಎಂದು ಅವಳಿಗೂ ಅನ್ನಿಸಿತು. ಸುಳ್ಳೇಕೆ, ಬಹಳ ಬಲವಾಗಿಯೇ ಅನ್ನಿಸಿತು. ಒಂದು ಮಾತು ನುಂಗಿಕೊಂಡರೆ ಸಾಕು, ಸಂಜೆ ಎಂದಿನಂತೆ ಮನೆಗೆ ಹೋಗಬಹುದು. ಆದರೆ ಆ ಪಂಪುಗಳು ಅವಳ ಕಣ್ಣ ಮುಂದೆ ಬಂದವು. ಪರೀಕ್ಷೆಯ ತೊಟ್ಟಿಯ ಪಕ್ಕ ನಿಂತು, ಎಷ್ಟು ಚೆನ್ನಾಗಿ ಎಳೆಯುತ್ತದೆ ನೋಡಿ ಎಂದು ಮೆಚ್ಚಿಕೊಂಡಿದ್ದಳು. ಆವತ್ತು ಎಳೆದದ್ದು ನೀರು. ಯಾವುದನ್ನು ಕೊಟ್ಟರೂ ಅದು ಅಷ್ಟೇ ಚೆನ್ನಾಗಿ ಎಳೆಯುತ್ತದೆ. ಬಂದರಿನ ತಪಾಸಣೆ ಆಫೀಸಿನ ನಂಬರ್ ಒತ್ತಿ ಸ್ಪೀಕರಿಗೆ ಹಾಕಿದಳು.

"ನನ್ನ ಮನೆ ಹಾಳು ಮಾಡ್ತೀಯೇನೇ!" ಮಾವ ಎದ್ದು ನಿಂತರು. ಫೋನ್ ಮಾತ್ರ ಕಿತ್ತುಕೊಳ್ಳಲಿಲ್ಲ.

ಅವಳು ಹೇಳಿದ್ದನ್ನೆಲ್ಲ ಕೇಳಿ ತಪಾಸಣೆಯ ಅಧಿಕಾರಿ ರಾಗ ಎಳೆದರು. "ನಮ್ಮಲ್ಲಿ ಹಸಿರು ತೋರಿಸ್ತಾ ಇದೆಯಲ್ಲಮ್ಮ. ಯಾಕೆ ಇಲ್ಲದ್ದನ್ನ ಮೈಮೇಲೆ ಎಳ್ಕೊಳ್ತೀರಿ?"

"ನಿಮ್ಮದು ಯಾವತ್ತು ಅಪ್‌ಡೇಟ್ ಆಗಿದ್ದು ಸಾರ್?"

ಆ ಕಡೆಯಿಂದ ಕೀಲಿಮಣೆ ಒತ್ತುವ ಸದ್ದು ಕೇಳಿಸಿತು, ನಿಂತಿತು, ಮತ್ತೆ ಜೋರಾಗಿ ಕೇಳಿಸಿತು. ಯಾರನ್ನೋ ಕೂಗಿ ಕರೆದರು. ತಿರುಗಿ ಫೋನಿಗೆ ಬಂದಾಗ ಅಧಿಕಾರಿಯ ದನಿ ಇಳಿದುಹೋಗಿತ್ತು. "ನಮ್ಮಲ್ಲಿದ್ದದ್ದೂ ಹಳೇ ಪಟ್ಟಿ. ನಿಮ್ಮ ಪೆಟ್ಟಿಗೆ ತಡೆಸಿದ್ದೀನಮ್ಮ, ಇನ್ನೂ ಸಾಲಲ್ಲೇ ಇದ್ವು. ನೀವಾಗೇ ಫೋನ್ ಮಾಡಿ ತಿಳಿಸಿದ್ರಿ ಅಂತ ವರದಿಯಲ್ಲಿ ಬರೀತೀನಿ."

ಕೆಂಪಕ್ಕ ಕುರ್ಚಿ ಎಳೆದುಕೊಂಡು ಕೂತಳು. ಮಾವ ಉಸ್ಸೆಂದು ಮುಖ ಒರೆಸಿಕೊಂಡರು. ಅಧಿಕಾರಿ ಮಾತ್ರ ಫೋನ್ ಇಡಲಿಲ್ಲ. ಸ್ಪೀಕರಿನಲ್ಲಿ ಅವರ ಉಸಿರು ಕೇಳುತ್ತಲೇ ಇತ್ತು. ಅದರ ಹಿಂದೆ, ದೂರದಲ್ಲಿ, ಬಂದರು ಬಿಟ್ಟು ಹೊರಟ ಹಡಗೊಂದು ಉದ್ದಕ್ಕೆ ಕೂಗಿತು.

"ಅದರಲ್ಲಿ ಯಾರ್ಯಾರಿಗೆ ಏನೇನು ಹೋಗ್ತಿದೆ, ಕೇಳು," ಎಂದರು ಮಾವ.